ಟಾಕಿಯ ಮುಚ್ಚಳ

ಸಿದ್ದಾರೂಢ,

ಈ ಪತ್ರ ನಿನಗೆ ಕಳಿಸುವುದಿಲ್ಲ. ಕಳಿಸಿದರೆ ಸಂಖ ಊರಿನ ನಿನ್ನ ಹೊಸ ಗ್ಯಾರೇಜಿನಲ್ಲಿ ಗಿರಾಕಿಗಳಿಗೆಲ್ಲ ಓದಿ ಹೇಳಿ ನಗುತ್ತೀ.

ಇವತ್ತು ಯಳವಿ ಊರು ದಾಟಿದ ಮೇಲೆ ನನ್ನ ಹಳೇ ಕಾರು ಮತ್ತೆ ಮಿಸ್ಸಿಂಗ್ ಹೊಡೆಯಿತು. ಎಕ್ಸಲೇಟರ್ ಒತ್ತಿದರೆ ಜಗ್ಗುತ್ತದೆ, ಕೆಮ್ಮುತ್ತದೆ, ಮುಂದೆ ಹೋಗುವುದಿಲ್ಲ. ಪೆಟ್ರೋಲ್ ಇದೆಯೋ ಇಲ್ಲವೋ ನೋಡಲು ಟಾಕಿಯ ಮುಚ್ಚಳ ತಿರುಗಿಸಿದೆ. ಬುಸ್ಸೆಂದು ಗಾಳಿ ಒಳಗೆ ನುಗ್ಗಿತು. ಮುಚ್ಚಳದಲ್ಲಿ ಗಾಳಿಗೆಂದು ಇರುವ ಸಣ್ಣ ತೂತಿನ ತುಂಬ ಬಟ್ಟೆ ಸೋಪು! ಗಾಳಿ ಹೋಗದೆ ಪೆಟ್ರೋಲ್ ಕಾರ್ಬೊರೇಟರಿಗೆ ಬರುತ್ತಿರಲಿಲ್ಲ.

"ಸಾಬಾಣ ಮೆತ್ತಿದವ್ರು ಯಾರ್ರಿ?" ಎಂದಳು ಜೊತೆಗಿದ್ದ ಹೆಂಡತಿ ಶಾಂತಾದೇವಿ.

"ಯಾರಿಗ್ಗೊತ್ತ," ಅಂದೆ.

ಮೆತ್ತಿದವನು ನಾನೇ. ತಿರುವಿನಲ್ಲಿ ಪೆಟ್ರೋಲ್ ಚೆಲ್ಲುತ್ತದೆಂದು ಮೆತ್ತಿ ಮರೆತಿದ್ದೆ.

"ಕಾರ್ಬೊರೇಟರ್ ಚಲೋ ಐತೋ, ಬ್ಯಾರೆ ಏನರ ಇರಬೇಕು ನೋಡು," ಎಂದು ಎರಡು ವರ್ಷದ ಹಿಂದೆ ಗಾಡಿ ಮೊದಲ ಸಲ ನಿಂತಾಗಲೇ ನೀನು ಹೇಳಿದ್ದೆ. ನಾನು ಗಿರಾಕಿಗಳ ಎದುರು, ಕಾರ್ಬೊರೇಟರ್ ಕೆಡಿಸಿದವನೇ ನೀನು ಅಂದೆ. ನೀನು ನಿನ್ನ ಪಾನಾ, ಸ್ಕ್ರೂಡ್ರೈವರುಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿಕೊಂಡು ಹೊರಟೆ. ಹನ್ನೆರಡು ವರ್ಷ ಒಂದೇ ಗ್ಯಾರೇಜಿನಲ್ಲಿ ಕೂಡಿ ದುಡಿದವನು ಒಂದು ಮಾತಿಗೆ ಎದ್ದು ಹೋಗುತ್ತಾನೆಯೇ? ಸೋಪು ನನ್ನದಿರಬಹುದು, ಹೋದದ್ದು ನಿನ್ನ ತಪ್ಪು. ಈ ಮಾತು ನಾನು ಬಿಡುವವನಲ್ಲ.

ತೂತು ಬಿಡಿಸಿ ಸಂಜೆ ಸಂಖದವರೆಗೆ ಹೋಗಿಬಂದೆ. ಗಾಡಿ ಸರಿಯಾಯಿತೋ ಇಲ್ಲವೋ ನೋಡಲಿಕ್ಕೆ ಅಷ್ಟೇ, ಮತ್ತೇನಕ್ಕೂ ಅಲ್ಲ. ನಿನ್ನ ಗ್ಯಾರೇಜಿನ ಮುಂದೆ ಮೂರು ಸಲ ಹಾದೆ. ಮೂರೂ ಸಲ ಬೇಕೆಂದೇ ನಿಧಾನ ಮಾಡಿ, ಮತ್ತೆ ಎಕ್ಸಲೇಟರ್ ಒತ್ತಿದೆ.

ಎರಡು ವರ್ಷ ಕಂಡಕಂಡಲ್ಲಿ ನಿಲ್ಲುತ್ತಿದ್ದ ಗಾಡಿ, ಅಲ್ಲಿ ಒಮ್ಮೆಯೂ ನಿಲ್ಲಲಿಲ್ಲ.