ನಿಮ್ಮ ತಂತಿ ನನ್ನ ಕೈಗೆ ಬಂದಾಗ

ಭೇಲೂಪುರ, ಕಾಶಿ
9 ಜೂನ್ 1974

ಪ್ರಾಣೇಶ ಅವರಿಗೆ ನಮಸ್ಕಾರಗಳು.

ನಿಮ್ಮ ರೈಲು ಹೊರಟು ಇವತ್ತಿಗೆ ಹನ್ನೆರಡು ದಿನ. ನೀವು ಊರು ಮುಟ್ಟಿದಿರೋ ಇಲ್ಲವೋ, ಮನೆಯಲ್ಲಿ ಏನಾಯಿತೋ ತಿಳಿಯದೆ ನನಗೆ ಒಂದು ಕಡೆ ಕೂತಿರಲಾಗುತ್ತಿಲ್ಲ. ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಹೋಗುತ್ತೇನೆ, ಅರ್ಧ ಕೆಲಸ ಬಿಟ್ಟು ಎದ್ದು ಬರುತ್ತೇನೆ. ಪ್ಲಾಟ್‌ಫಾರ್ಮಿನಲ್ಲಿ ನಿಮ್ಮೊಡನೆ ಮಾತಾಡಲು ಸಿಕ್ಕದ್ದು ಎರಡೇ ನಿಮಿಷ. ಅಲ್ಲಿ ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ನಮ್ಮಿಬ್ಬರ ಹೆಸರೂ ಒಂದೇ, ಅಡ್ಡಹೆಸರೂ ಒಂದೇ. ಇಬ್ಬರಿಗೂ ಹುಬ್ಬಳ್ಳಿಯೇ ಹತ್ತಿರದ ಪಟ್ಟಣ. ಬಂಗಾಲಿ ಟೋಲಾದಲ್ಲಿ ಯಾತ್ರಿಕರ ವಸತಿಗೃಹ ನೋಡಿಕೊಳ್ಳುವ ಪ್ರಾಣೇಶ ಕುಲಕರ್ಣಿ ನೀವು, ಇಲ್ಲಿ ಬಾಡಿಗೆ ಮನೆಯಲ್ಲಿರುವ ಪ್ರಾಣೇಶ ಕುಲಕರ್ಣಿ ನಾನು. ನಿಮಗೆ ಬರಬೇಕಾದ ಎರಡು ಕಾಗದ ಈ ಮೊದಲೇ ನನ್ನ ಮನೆಗೆ ಬಂದಿದ್ದವು. ನಾನೇ ತಂದುಕೊಟ್ಟಾಗ ಇಬ್ಬರೂ ನಕ್ಕು ಚಹಾ ಕುಡಿದಿದ್ದೆವು. ಹಾಗಿದ್ದ ಮೇಲೆ ಮೇ ಹನ್ನೆರಡರಂದು ಆ ತಂತಿ ಬಂದಾಗ ನನಗೆ ಅನುಮಾನ ಬರಬೇಕಿತ್ತು.

ತಾಯಿ ತೀರಿಕೊಂಡರು, ದಹನವಾಯಿತು, ರೈಲು ಓಡುತ್ತಿಲ್ಲವಾದ್ದರಿಂದ ಬರುವುದು ಬೇಡ, ಅಲ್ಲೇ ನೀರು ಬಿಡು ಎಂದಷ್ಟೇ ಇತ್ತು. ಕೆಳಗೆ ‘ಅಣ್ಣ’ ಎಂದಿತ್ತು. ನನಗೂ ಅಣ್ಣನಿದ್ದಾನೆ. ವಿಳಾಸದಲ್ಲಿ ನಿಮ್ಮ ಓಣಿಯ ಹೆಸರಿರಲಿಲ್ಲ.

ಅನುಮಾನ ಏಕೆ ಬರಲಿಲ್ಲ ಎಂದು ಹೇಳಿಬಿಡುತ್ತೇನೆ. ಬೇರೆ ಜಾತಿಯ ಪ್ರೇಮಾಳನ್ನು ನಾನು ಮದುವೆಯಾದಾಗ ನಮ್ಮವ್ವ ಹೊಸ್ತಿಲು ತುಳಿಯಬೇಡ ಎಂದಳು. ನಾನು ಎರಡು ವರ್ಷ ಒಂದು ಸಾಲೂ ಬರೆಯಲಿಲ್ಲ. ಹೀಗೇ ಒಂದು ದಿನ ಸುದ್ದಿ ಬರುತ್ತದೆ ಎಂದು ಒಳಗೇ ಹೆದರಿಕೊಂಡಿದ್ದೆ. ಬಂದೇಬಿಟ್ಟಿತು ಅಂದುಕೊಂಡೆ. ಕೇದಾರ ಘಾಟಿನಲ್ಲಿ ತಲೆ ಬೋಳಿಸಿಕೊಂಡೆ. ನಮ್ಮ ಕಡೆಯ ವೆಂಕಟೇಶಾಚಾರ್ಯರು ಮಂತ್ರ ಹೇಳಿದರು. ಹತ್ತನೆಯ ದಿನದವರೆಗೆ ಎಳ್ಳುನೀರು ಬಿಟ್ಟೆ. ಎರಡು ವರ್ಷ ಬರೆಯದ ಮಾತನ್ನೆಲ್ಲ ಆ ನೀರಿನ ಮುಂದೆ ಹೇಳಿ ಅತ್ತೆ.

ಇಪ್ಪತ್ತೇಳರ ಮಧ್ಯಾಹ್ನ, ರೈಲ್ವೆ ಮುಷ್ಕರದ ನಡುವೆ ಎಲ್ಲೆಲ್ಲೋ ನಿಂತು ಬಂದ ಒಂದು ಕಾರ್ಡು ಕೈಸೇರಿತು. ನಮ್ಮವ್ವನ ಅಕ್ಷರ. ಬರೆದದ್ದು ಮೇ ಹದಿನೇಳಕ್ಕೆ. ‘ಕಾಶ್ಯಾಗ ಬಿಸಲು ಭಾಳ ಅಂತ ಕೇಳೇನಿ. ತಲೀಗೆ ಎಣ್ಣಿ ಹಚ್ಕೋತಾ ಇರು. ಅಕೀನ್ನೂ ಕರ್ಕೊಂಡು ಒಮ್ಮೆ ಬಂದು ಹೋಗು.’

ನಾನು ಬೋಳುತಲೆ ಮುಟ್ಟಿಕೊಂಡು ನಕ್ಕೆ, ಪ್ರಾಣೇಶ ಅವರೇ. ಮನೆಯೆಲ್ಲ ಕೇಳುವಂತೆ ನಕ್ಕೆ. ಪ್ರೇಮಾ ಕಾರ್ಡನ್ನು ಎರಡು ಸಲ ಓದಿ, ಮೆಲ್ಲಗೆ ಕೇಳಿದಳು: “ಹಾಗಾದರೆ ಆ ತಂತಿ ಯಾರದು?”

ನನ್ನ ನಗು ಅಲ್ಲಿಗೇ ನಿಂತಿತು. ನಾನು ನಕ್ಕದ್ದು ನಿಮ್ಮ ತಾಯಿ ತೀರಿಕೊಂಡದ್ದಕ್ಕೆ ಎಂಬಂತಾಯಿತಲ್ಲ, ಅದನ್ನು ಇವತ್ತಿಗೂ ನುಂಗಿಕೊಳ್ಳಲಾಗಿಲ್ಲ.

ತಂತಿಯನ್ನು ಜೇಬಿನಲ್ಲಿಟ್ಟುಕೊಂಡು ರಿಕ್ಷಾ ಹಿಡಿದು ನಿಮ್ಮಲ್ಲಿಗೆ ಬಂದೆ. ನೀವು ಟ್ರಂಕು ತೆರೆದು ಕೂತಿದ್ದಿರಿ. ಮರುದಿನದಿಂದ ರೈಲು ಓಡುವುದಿತ್ತು. ನನ್ನ ತಲೆ ನೋಡಿ ಯಾರು ಹೋದರೆಂದು ಕೇಳಿದಿರಿ. ತಾಯಿ ಎಂದೆ. ಯಾರ ತಾಯಿ ಎಂದು ಹೇಳಲು ಬಾಯಿ ತೆರೆಯುವುದರೊಳಗೆ ನೀವು ನನ್ನ ಎರಡೂ ಕೈ ಹಿಡಿದುಕೊಂಡಿರಿ. ಪಕ್ಕದಲ್ಲಿ ಕೂರಿಸಿ ಸಮಾಧಾನ ಹೇಳಿದಿರಿ. ಆಮೇಲೆ ಟ್ರಂಕಿನಿಂದ ಒಂದು ಸೀರೆ ತೆಗೆದು ತೋರಿಸಿದಿರಿ.

“ನಮ್ಮವ್ವಗ ಕಾಶಿ ನೋಡೋ ಆಸೆ ಭಾಳ ರೀ. ಈ ಸಲ ಕರ್ಕೊಂಡೇ ಬರ್ತೀನಿ,” ಎಂದಿರಿ.

ಜೇಬಿಗೆ ಹೋದ ನನ್ನ ಕೈ ಹಾಗೇ ಹಿಂದೆ ಬಂತು. ನೀವು ತರಿಸಿದ ಚಹಾ ಕುಡಿದು ಎದ್ದು ಬಂದುಬಿಟ್ಟೆ. ಹದಿನೈದು ದಿನ ತಿಳಿಯದೆ ನಿಮ್ಮ ದುಃಖವನ್ನು ಇಟ್ಟುಕೊಂಡಿದ್ದೆ. ಆ ಒಂದು ದಿನ ಮಾತ್ರ ತಿಳಿದೇ ಇಟ್ಟುಕೊಂಡೆ. ಇದನ್ನು ನಿಮಗೆ ಪ್ಲಾಟ್‌ಫಾರ್ಮಿನಲ್ಲಿ ಹೇಳಲಿಲ್ಲ. ತಂತಿ ನಿಮ್ಮದೆಂದು ಈಗಷ್ಟೇ ಗೊತ್ತಾಯಿತು ಎಂದೆ. ಅದು ಸುಳ್ಳು.

ಮರುದಿನ ಬೆಳಿಗ್ಗೆ ಪ್ರೇಮಾ ಗದರಿದಳು. ಅವರು ಏನೂ ತಿಳಿಯದೆ ತಮ್ಮ ಮನೆಯ ಅಂಗಳಕ್ಕೆ ಆ ಸೀರೆ ಹಿಡಿದುಕೊಂಡು ಹೋಗಿ ನಿಲ್ಲಬೇಕೇ ಎಂದು ಕೇಳಿದಳು. ಸ್ಟೇಷನ್ನಿಗೆ ಓಡಿದೆ. ಅಷ್ಟು ದಿನ ರೈಲಿಲ್ಲದೆ ಸಿಕ್ಕಿಬಿದ್ದ ಜನವೆಲ್ಲ ಅಲ್ಲಿತ್ತು. ರೈಲಿನ ಡಬ್ಬಿಯಿಂದ ಡಬ್ಬಿಗೆ ನಮ್ಮ ಹೆಸರನ್ನೇ ಕೂಗುತ್ತ ಹೋದೆ. ನೀವು ಕಿಟಕಿಯಿಂದ ತಲೆ ಹೊರಹಾಕಿದಿರಿ. ತಂತಿ ಓದಿದಿರಿ. ನೀವು ಅಳಲಿಲ್ಲ, ಬೈಯಲಿಲ್ಲ. ಕೇಳಿದ್ದು ಒಂದೇ.

“ಹತ್ತು ದಿವಸ ಯಾರ ಹೆಸರಿಲೆ ನೀರು ಬಿಟ್ರಿ?”

ನಮ್ಮವ್ವನ ಹೆಸರಿನಲ್ಲಿ ಎಂದೆ. ರೈಲು ಅಲುಗಿತು. ನೀವು ಹೇಳಿದಿರಿ: “ನಮ್ಮವ್ವನ ಹೆಸರು ತುಂಗಾಬಾಯಿ.” ಅಷ್ಟೇ ಕೇಳಿಸಿತು.

ಅಲ್ಲಿಂದ ನೇರ ಆಚಾರ್ಯರ ಬಳಿ ಹೋದೆ. ಎಲ್ಲವನ್ನೂ ಹೇಳಿದೆ. ನಿನಗೆ ತಂದೆಯಿಲ್ಲದ್ದರಿಂದ ಬೇರೆಯವರಿಗೂ ನೀರು ಬಿಡಬಹುದು, ಮಗ ಊರಲ್ಲಿ ಮಾಡುವುದನ್ನು ಮಾಡಲಿ, ನೀನು ಇಲ್ಲಿ ಬಿಡು ಎಂದು ಅವರು ಹೇಳಿದರು. ಆವತ್ತಿನಿಂದ ದಿನವೂ ಬೆಳಿಗ್ಗೆ ಗಂಗೆಯಲ್ಲಿ ನಿಂತು ತುಂಗಾಬಾಯಿಯವರ ಹೆಸರು ಹೇಳಿದೆ. ಹತ್ತು ದಿನ ತುಂಬಿತು. ಮನಸ್ಸು ಮಾತ್ರ ತಿಳಿಯಾಗಲಿಲ್ಲ.

ಇದೇ ಹದಿನೈದಕ್ಕೆ ಪ್ರೇಮಾಳೊಂದಿಗೆ ಊರಿಗೆ ಹೊರಡುತ್ತಿದ್ದೇನೆ. ಅವ್ವನಿಗೆ ಈ ತಲೆ ತೋರಿಸಿ ಏನು ಹೇಳಬೇಕೋ ಗೊತ್ತಿಲ್ಲ. ಅವಳನ್ನು ನೋಡುವ ಮೊದಲು ನಿಮ್ಮ ಮನೆಗೆ ಬರಬೇಕೆಂದಿದ್ದೇನೆ. ನೀವು ಬಾಗಿಲು ತೆರೆಯದಿದ್ದರೆ ನನಗೆ ಬೇಸರವಿಲ್ಲ. ಒಂದು ತಾಸು ನಿಮ್ಮ ಕಟ್ಟೆಯ ಮೇಲೆ ಕೂತು ಹೋಗುತ್ತೇನೆ.

ನಿಮ್ಮ ತಾಯಿಯವರಿಗೆ ಸದ್ಗತಿಯಾಗಲಿ. ನಿಮಗೆ ನಿದ್ದೆ ಬರುವಂತಾಗಲಿ.

ನಿಮ್ಮ ಕ್ಷಮೆಯನ್ನು ಕೇಳುವ ಧೈರ್ಯ ಇನ್ನೂ ಬಾರದ,
ಪ್ರಾಣೇಶ