ಅಕ್ಕನಿಗೆ ನಾನು ಕೊಟ್ಟ ಆರಡಿ

ಅಕ್ಕಾ,

ಮಸ್ಕತ್ತಿನಲ್ಲಿ ಈಗ ನನ್ನನ್ನು ಕೇಳದೆ ಯಾರೂ ಬಾಸ್ಕೆಟ್‌ಬಾಲ್ ಮುಟ್ಟುವುದಿಲ್ಲ. ಅಮೆರಿಕದ ಕಾಲೇಜೊಂದು ನಿನ್ನ ಮಗಳು ದೀಕ್ಷಿತಾಳನ್ನು ಹನ್ನೆರಡನೇ ವಯಸ್ಸಿಗೇ ತನ್ನ ತಂಡಕ್ಕೆ ಆರಿಸಿಟ್ಟುಕೊಂಡಾಗ ನಮ್ಮ ಹಮ್ರಿಯಾ ಬಡಾವಣೆಗೆಲ್ಲ ಲಡ್ಡು ಹಂಚಿದವನು ನಾನೇ. ಅರ್ಜಿಯಲ್ಲಿ ತಾಯಿಯ ಎತ್ತರ ಕೇಳಿದ್ದರು. ಮೇಲಿನ ಡಬ್ಬಿಗೆ ಸ್ಟೂಲು ಹತ್ತುತ್ತಿದ್ದ ನಿನ್ನನ್ನು ಆರಡಿ ಮಾಡಿ ಬರೆದೆ.

ಎರಡು ವರ್ಷ ಅವರು ಹೇಳಿದ ಶಿಬಿರಗಳಿಗೆಲ್ಲ ಕಳಿಸಿದೆ. ಹುಡುಗಿ ಒಂದಿಂಚೂ ಬೆಳೆಯಲಿಲ್ಲ. ಇವತ್ತು ಕೋಚ್ ವಿಡಿಯೋದಲ್ಲಿ ಬಂದು, ಅವಳ ಜಾಗಕ್ಕೆ ಬೇರೊಬ್ಬಳನ್ನು ತೆಗೆದುಕೊಂಡೆವು ಎಂದ. ಆಗ ಅವರು ಕೊಟ್ಟದ್ದು ಬರೀ ಬಾಯಿಮಾತಂತೆ.

"ಖಲಾಸಾ ಮಾಮ?" ಎಂದಳು ದೀಕ್ಷಿತಾ. ಮತ್ತೆ ತಾನೇ, "ನೋ ನೋ, ಅಮ್ಮ ಸಿಕ್ಸ್ ಫೀಟ್ ಅಲ್ವಾ? ಐ ವಿಲ್ ಗ್ರೋ. ಅವರಿಗೆ ಹೇಳಿ ಮಾಮ!"

ನೀನು ತೀರಿಕೊಂಡಾಗ ಅವಳಿಗೆ ಎರಡೇ ವರ್ಷ. ಅವಳಿಗೆ ಗೊತ್ತಿರುವ ತಾಯಿ ನಾನು ಬರೆದವಳು.

"ಹೌದು ಮಾರಾಯ್ತಿ, ಇನ್ನೂ ಬೆಳೀಲಿಕ್ಕುಂಟು" ಎಂದೆ. ಆಗಿನಿಂದ ಬಾಗಿಲ ಚೌಕಟ್ಟು ಹಿಡಿದು ನೇತಾಡುತ್ತಿದ್ದಾಳೆ.

ಸಲಾಲಾ ಬಂದರಿನಲ್ಲಿ ಕೆಲಸಕ್ಕಿರುವ ಭಾವನಿಗೆ, ಶಿಬಿರಗಳಿಗೆ ಐನೂರು ರಿಯಾಲ್ ಹೋಯಿತೆಂದು ಹೇಳಿದ್ದೇನೆ. ಅವಳ ಓದಿಗೆಂದು ನೀನು ಬಿಟ್ಟುಹೋದ ಚಿನ್ನ ಮಾರಿದ್ದೂ ಸೇರಿ, ಹೋದದ್ದು ನಾಲ್ಕು ಸಾವಿರದ ಇನ್ನೂರು.