ಎಡಕ್ಕೆ ನೋಡುವ ಹಕ್ಕಿಗಳು

ಜನವರಿ 18, ಬೆಳಿಗ್ಗೆ 8

ನುಸಿ ಹಿಡಿಯುವ ಅಂಟು ಬೋನು ಖಾಲಿ. ಗಾಳಿಯ ತೇವ ಶೇಕಡಾ ಐವತ್ತೆರಡು. ಮೂರನೇ ಪೆಟ್ಟಿಗೆಗೆ ಹೊಸ ಟಿಶ್ಯೂ ಕಾಗದ. ಸಂಗ್ರಹಾಲಯದ ಹಜಾರದ ಗೊಂಬೆ ತೊಟ್ಟಿರುವ ಹುಯಿಪಿಲ್‌ಗೆ ಮೆತ್ತನೆ ಬ್ರಶ್. ನೂರು ವರ್ಷದ ಕುಪ್ಪಸ. ಕೆಂಪೆಂದರೆ ರಾಜ ಸಭೆಗೆ ಬಂದಂಥ ಕೆಂಪು. ದೋನ್ಯಾ ಎರ್ಮೆಲಿಂದಾಳ ಅಜ್ಜಿ ನೇಯ್ದದ್ದು. ಮುದುಕಿಯ ಷರತ್ತು ಒಂದೇ: "ನಾನು ಸತ್ತಾಗ ವಾಪಸ್ ಕೊಡ್ಬೇಕು. ಇದನ್ನೇ ತೊಟ್ಕೊಂಡು ಹೋಗೋದು. ಅಲ್ಲಿ ಅಜ್ಜಿ ಗುರುತು ಹಿಡೀಬೇಕಲ್ಲ."

ಫುಯೇಗೋ ಜ್ವಾಲಾಮುಖಿ ಗುಡುಗಿತು. ಹಜಾರದ ಕಿಟಕಿ ತೆರೆದು ನೋಡಿದೆ — ಬೂದಿಯ ಗೋಪುರ. ಅಷ್ಟರಲ್ಲಿ ಫೋನ್. ಶೇಲಾ ಊರಿನಲ್ಲಿ ಅಕ್ಕ ಬಿದ್ದು ಸೊಂಟ ಮುರಿದುಕೊಂಡಿದ್ದಾಳೆ. ಒಂಬತ್ತಕ್ಕೆ ಬಸ್. ಬೀಗ ಹಾಕಿ ಓಡಬೇಕು...

ಫೆಬ್ರವರಿ 24

ಕಿಟಕಿ ತೆರೆದೇ ಇದೆ. ಐದು ವಾರ. ಹಜಾರದ ಕೀ ನನ್ನ ಚೀಲದಲ್ಲೇ ಇತ್ತು.

ಸೂರ್ಯ ದಿನವೂ ರಂಗಕ್ಕೆ ಬಂದು, ಬೆಳಕೆಲ್ಲ ಆ ಕುಪ್ಪಸವೊಂದರ ಮೇಲೆಯೇ ಚೆಲ್ಲಿ ಹೋಗಿದ್ದಾನೆ. ಕೆಂಪು ಮಾಸಿ, ರಾಜ ಕಾವಿ ಉಟ್ಟು ನಿಂತಿದ್ದಾನೆ. ನೆಲದ ಮೇಲೆ ಕೂತುಬಿಟ್ಟೆ. ಹನ್ನೊಂದು ವರ್ಷ ಕಾಪಾಡಿದ್ದು. ಮುಟ್ಟುವ ಧೈರ್ಯವಿಲ್ಲ.

ಫೆಬ್ರವರಿ 25

ಸಂಗ್ರಹಾಲಯದ ನಿರ್ದೇಶಕ ದೋನ್ ಅರ್ನುಲ್ಫೋಗೆ ತಿಳಿಸಿದೆ.

"ಸುಮ್ನಿರು ಒತೀಲಿಯಾ. ಹಳೇದು ಮಾಸ್ತು ಅನ್ನು. ಮುದುಕಿಗೆ ಹೇಗೂ ಕಣ್ಣು ಮಂಜು."

"ಅವ್ರ ಕಣ್ಣು ಮಂಜಾದ್ರೆ ನನ್ನ ತಪ್ಪು ತೊಳ್ದೋಗುತ್ತಾ?"

ಮುದುಕಿಯ ಊರು ಸಾನ್ ಅಂತೋನಿಯೋಗೆ ಹೇಳಿಕಳಿಸಿದೆ. ಶುಕ್ರವಾರ ಬರುತ್ತಾಳಂತೆ. ಊಟ ಸೇರುತ್ತಿಲ್ಲ.

ಫೆಬ್ರವರಿ 28, ಮಧ್ಯಾಹ್ನ

ಬಂದಳು. ಮೂರು ದಿನ ಬಾಯಿಪಾಠ ಮಾಡಿದ ಮಾತು ಮರೆತೇಹೋಯಿತು. "ಕಿಟಕಿ ಮುಚ್ಚಲಿಲ್ಲ, ತಪ್ಪು ನಂದೇ" ಎಂದಷ್ಟೇ ಹೇಳಿದೆ.

ಗೊಂಬೆಯ ಸುತ್ತ ಕೋಲೂರಿಕೊಂಡು ಒಂದು ಸುತ್ತು ಬಂದಳು. ಮೂಗು ತಾಗುವಷ್ಟು ಹತ್ತಿರ ಬಗ್ಗಿದಳು.

"ಇದನ್ನ ತೊಡ್ಸಿದ್ದು ಯಾರಮ್ಮಾ?"

"ನಾನೇ. ನೀವು ಕೊಟ್ಟ ಹಾಗೇ."

"ಹಂಗಾದ್ರೆ ಹನ್ನೊಂದು ವರ್ಷದಿಂದ ನಮ್ಮಜ್ಜೀನ ಸಂತೆಗೆ ಹೊರಡಿಸಿ ನಿಲ್ಸಿದೀಯ."

ನಕ್ಕಳು ನೋಡು, ಹಜಾರದ ತೊಲೆಗಳು ಅದುರಿದವು. ಅವರೂರಲ್ಲಿ ಸಂತೆಗೆ ಹೋಗುವಾಗ ಹುಯಿಪಿಲ್‌ನ ಒಳಗನ್ನು ಹೊರಗು ಮಾಡಿ ತೊಡುತ್ತಾರೆ. ಒಳ್ಳೆಯ ಮೈ ಹಬ್ಬಕ್ಕೆ ಉಳಿಯಲೆಂದು. ನೇಯ್ಗೆ ಎರಡೂ ಕಡೆ ಒಂದೇ ಥರ — ಪಟ್ಟಣದವಳಿಗೆ ತಿಳಿಯುವುದು ಹೇಗೆ.

"ಹಬ್ಬದ ದಿನ ಈ ನೇಯ್ದ ಹಕ್ಕಿಗಳು ಎಡಕ್ಕೆ ನೋಡ್ಬೇಕು, ಗುಂಡಿಗೆ ಕಡೆ. ಇವು ಬಲಕ್ಕೆ ತಿರುಗಿವೆ, ಗಿರಾಕಿ ಬಂದ್ರಾ ಅಂತ."

ಕುಪ್ಪಸದ ದಾಖಲೆ ಕಾರ್ಡಿನಲ್ಲಿ ನನ್ನದೇ ಅಕ್ಷರ: 'ಹಕ್ಕಿಗಳೆಲ್ಲ ಬಲಕ್ಕೆ.'

ಇಬ್ಬರೂ ಸೇರಿ, ಗೊಂಬೆಗೆ ಹಿಡಿಸಿದ್ದ ಹೊಲಿಗೆ ಒಂದೊಂದೇ ಬಿಡಿಸಿ, ಕುಪ್ಪಸ ತೆಗೆದು ಮೆಲ್ಲಗೆ ತಿರುವಿದೆವು. ಮುಕ್ಕಾಲು ಗಂಟೆ. ಮೊದಲು ಒಂದು ತೋಳು... ಆಮೇಲೆ ಪರದೆ ಎದ್ದಂತೆ ಕೆಂಪು. ಅದೇ ರಾಜ, ಅದೇ ಸಭೆ. ನಾನು ಗೊಳೋ ಎಂದೆ.

"ಅಳೋದು ನನ್ನ ಹೆಣದ ಮುಂದೆ ಅಳು. ಈಗ ಕಾಫಿ ಕೊಡು."

"ಒಳಗಡೆ ಮಾಸೋಯ್ತಲ್ಲ, ದೋನ್ಯಾ."

"ಮಾಸ್ಲಿ ಬಿಡೇ. ಅಲ್ಲಿಗೆ ಹೋದ್ಮೇಲೂ ಸಂತೆ ಮಾಡ್ತೀನಾ?"

ಅದೇ ದಿನ, ಸಂಜೆ 4

ಕಾರ್ಡು ತಿದ್ದಿದೆ: ಹಕ್ಕಿಗಳು ಎಡಕ್ಕೆ. ಅಂಗಳದಲ್ಲಿ ಮುದುಕಿ ಮೂರನೇ ಬಿಸ್ಕತ್ತನ್ನು ಕಾಫಿಗೆ ಅದ್ದುತ್ತಿದ್ದಾಳೆ. ನನಗೂ ಹಸಿವಾಗಿದೆ, ನಾಲ್ಕು ದಿನದ ಹಸಿವು. ಫುಯೇಗೋ ಮತ್ತೆ ಗುಡುಗಿತು. ಗುಡುಗಲಿ, ನೋಡಲು ಹೋಗುವುದಿಲ್ಲ.

ಬೆಳಕಿಗೆಂದು ಮಧ್ಯಾಹ್ನ ಹಜಾರದ ಕಿಟಕಿ ತೆರೆದಿದ್ದೆವು. ಮುಚ್ಚಿದೆನಲ್ಲ? ಮುಚ್ಚಿದೆ... ಚಿಲಕದ ಸದ್ದು ಕೇಳಿದ ನೆನಪಿಲ್ಲ. ಒಂದು ನಿಮಿಷ —